ಸೂರನ ಹೆಸರು ಅಚ್ಚಾದ ಸಂಚಿಕೆ

ನಮ್ಮ ಮರವಂತೆಯ ಶಾಸನದ ಕಲ್ಲು ಕಡಲುಪಾಲಾಗಿ ಕಳೆದೇಹೋಯಿತೆಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು ತಮ್ಮ ಐವತ್ತು ವರ್ಷ ಹಳೆಯ ಪತ್ರಿಕೆಯಲ್ಲಿ ಹಿಂದೊಮ್ಮೆ ಬರೆದಿದ್ದರಂತೆ. 2004ರಲ್ಲಿ ಅದರ ಸಂಪಾದಕಿ ಸೌಜನ್ಯ ಮೇಡಂ, ಮೀನು ಹಿಡಿಯುವ ನನ್ನಲ್ಲಿ ವಿಚಾರಿಸಲು ಬಂದರು.

"ಕಲ್ ಈಗ್ಳೂ ನೀರಡಿ ಅಲ್ಲೇ ಇತ್ ಮೇಡಂ, ವರ್ಷವೂ ನನ್ ಮೀನಿನ್ ಬಲೆ ಅದ್ಕೇ ಸಿಕ್ಕಿ ಹರೀತ್," ಎಂದೆ.

ಹೆಂಡತಿ ಚಂದ್ರಾವತಿ ನಕ್ಕಳು. "ಹ್ವಾಯ್, ಇವ್ರನ್ನ್ ನಂಬ್ಬೇಡಿ. ಮೊನ್ನೆ ತಿಮಿಂಗಿಲದ್ ಮೇಲ್ ಕೂಕಂಡ್ ಉಂಡ್ರಂಬ್ರ್!"

ಕಲ್ಲು ಸಿಗದಿದ್ದರೆ ಊರಲ್ಲಿ ನನ್ನ ಮರ್ಯಾದೆ ಮುಗಿದಂತೆ. ಅಮಾವಾಸ್ಯೆಯ ಇಳಿತಕ್ಕೆ ಮೇಡಂರನ್ನು ದೋಣಿ ಹತ್ತಿಸಿದೆ. ದಡದ ಒಂಟಿ ತೆಂಗು ದೇವಸ್ಥಾನದ ಕಲಶಕ್ಕೆ ನೇರವಾದಲ್ಲಿ ಹುಟ್ಟು ಇಳಿಸಿದೆ. ಕಲ್ಲಿಗೆ ತಾಗಿ ಠಕ್ಕೆಂದಿತು! ಮೇಡಂ ಸೊಂಟಮಟ್ಟದ ನೀರಿಗಿಳಿದು, ಅಕ್ಷರ ತಡವಿ, ಕುಣಿದೇಬಿಟ್ಟರು.

ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ನನ್ನ ಹೆಸರೂ ಬಂತು: ‘ಶಾಸನ ಕಳೆದಿಲ್ಲ. ತೋರಿಸಿದವರು ಮರವಂತೆಯ ಸೂರ.’

ಚಂದ್ರಾವತಿ ಅದನ್ನು ಕೇರಿಗೆಲ್ಲ ಓದಿ, ನನ್ನತ್ತ ತಿರುಗಿದಳು. "ಹಂಗಾರೆ ಆ ತಿಮಿಂಗಿಲದ್ ಕಥೆಯೂ ನಿಜ ಇಪ್ಪುಕೂ ಸಾಕ್!"