ಗೂಡಿನಲ್ಲಿಟ್ಟ ಉಡಿ

ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಇನ್ನೂ ಹಾಗೇ ಇದೆ, ಎಷ್ಟು ತಿಕ್ಕಿದರೂ ಹೋಗಿಲ್ಲ, ಮುಂದಿನ ಸೀಟಿನ ಕಂಬಿ ಹಿಡಿದ ತನ್ನ ಕೈಯನ್ನೇ ನೋಡುತ್ತ ಕುಳಿತ ಫಕೀರವ್ವನಿಗೆ ಅದು ಹೋಗುವುದೂ ಬೇಡವಾಗಿದೆ, ತವರಿನ ಹಿಟ್ಟು, ತವರಿನದೆಲ್ಲಿ ಬಂತು, ಬೆಳಗಾವಿಯ ಸದಾಶಿವನಗರದ ಗಿರಣಿಯಲ್ಲಿ ಬೀಸಿಸಿ ಚೀಲ ಹೊತ್ತು ತಂದವಳು ತಾನೇ, ಆದರೂ ನಾದಿದ್ದು ಅವ್ವನ ಹಳೆಯ ಪರಾತದಲ್ಲಿ, ಸುಟ್ಟದ್ದು ಅವ್ವನ ಒಲೆಯ ಮೇಲೆ, ಅಂದಮೇಲೆ ತವರಿನದೇ — ಬಸ್ಸು ಖಾನಾಪುರದ ಸ್ಟ್ಯಾಂಡು ಬಿಟ್ಟು ಬೆಳಗಾವಿ ಹಾದಿ ಹಿಡಿದಿದೆ, ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಹೊರಗೆ ಜೀಪಿನ ಧ್ವನಿವರ್ಧಕವೊಂದು ಹಿಂದೆ ಬೀಳುತ್ತ ಬೀಳುತ್ತ ಹೇಳುತ್ತಿದೆ, ಬಹಿರಂಗ ಪ್ರಚಾರ ಇಂದು ಸಂಜೆ ಆರು ಗಂಟೆಗೆ ಮುಕ್ತಾಯ, ಈ ಕ್ಷೇತ್ರದ ಮತದಾರರಲ್ಲದ ಹೊರಗಿನವರು ಕ್ಷೇತ್ರ ಬಿಟ್ಟು ತೆರಳತಕ್ಕದ್ದು, ತೆರಳತಕ್ಕದ್ದಂತೆ, ತೆರಳಿದೆನಲ್ಲೋ, ಇನ್ನೇನು ನಿನ್ನ ಹೆಗಲ ಮೇಲೆ ಕೂತಿದ್ದೇನೆಯೇ, ಬಾಯಿಗೆ ಬಂದ ಬೈಗುಳ ನುಂಗುತ್ತಾಳೆ, ಬಾಜು ಕೂತ ಮುದುಕಿ ನೋಡುತ್ತಿದ್ದಾಳೆ. ಹೊರಗಿನವರು. ಈ ಮಾತು ಆಕೆಗೆ ಹೊಸದಲ್ಲ. ಅವ್ವ ಚಂದ್ರವ್ವ ತೀರಿಕೊಂಡ ಮೂರನೇ ದಿನ ಫಕೀರವ್ವ ಅಂಗಳದಲ್ಲಿ ನಿಂತು ಒದರಾಡಿದ್ದಳು, ಬೆಳಗಾವಿಗೆ ತರಬೇಕಿತ್ತಲ್ಲೋ ಸಾತ್ಯಾ, ದೊಡ್ಡ ದವಾಖಾನಿ ಐತಿ, ನಾ ಇದ್ನೆಲ್ಲ, ಇಲ್ಲೇ ಯಾಕ ಇಟಗೊಂಡು ಕುಂತಿ — ಮತ್ತು ಅವನು, ತಾನು ಬೆನ್ನಿಗೆ ಕಟ್ಟಿಕೊಂಡು ಕುರಿಯ ಹಿಂದೆ ಹೊತ್ತು ತಿರುಗಿದ ತಮ್ಮ ಸಾತಪ್ಪ, ಮಂದಿಯೆಲ್ಲ ಕೇಳುವಂತೆ, ಕೊಟ್ಟ ಹೆಣ್ಣು ಹೊರಗಿನಾಕಿ, ಒಳಗಿನ ಮಾತಿಗೆ ಬಾಯಿ ಹಾಕಬ್ಯಾಡ ಅಂದಿದ್ದ. ಸೂತಕದ ಮನೆಯಲ್ಲಿ ಉಡಿ ತುಂಬುವುದಿಲ್ಲ, ಬರಿ ಸೆರಗಿನಲ್ಲೇ ಬಸ್ಸು ಹತ್ತಿದ್ದಳು, ಆಮೇಲೆ ಅವನೂ ಕರೆಯಲಿಲ್ಲ, ಇವಳೂ ಹೋಗಲಿಲ್ಲ, ವರ್ಷಗಳು ಹೋದವು, ಪಂಚಮಿಗೆ ಓಣಿಯ ಹೆಂಗಸರೆಲ್ಲ ತವರಿಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಉಡಿಯಲ್ಲಿ ಕಟ್ಟಿಕೊಂಡು ತಿರುಗಿ ಬರುವ ದಿನ ಫಕೀರವ್ವ ಬಾಗಿಲು ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಬಡಿತ ಜೋರಾಗುತ್ತಿತ್ತು, ಕ್ಯಾಂಪು ಪ್ರದೇಶದ ಬಂಗಲೆಯೊಂದರಲ್ಲಿ ಮಾಲಿಯಾಗಿರುವ ಗಂಡ ಕರೆಪ್ಪ, ಮೆತ್ತಗ ಬಡಿಯ, ರೊಟ್ಟಿ ಏನ ತಪ್ಪ ಮಾಡೈತಿ ಅನ್ನುತ್ತಿದ್ದ, ನೀ ಸುಮ್ಮನ ಕುಂದರು ಅನ್ನುತ್ತಿದ್ದಳು, ಅವನು ಕುಂದರುತ್ತಿದ್ದ, ಪುಣ್ಯಾತ್ಮ, ಅವನಿಗೆ ಗೊತ್ತಿತ್ತು.

ಫೋನು ಬಂದ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು, ಅಕ್ಕಾ ಅಂದ, ಅಷ್ಟೇ ಕೇಳಿಸಿದ್ದು, ಮುಂದಿನದೆಲ್ಲ, ಎಮ್ಮೆಲ್ಲೆ ಎಲೆಕ್ಷನ್ನಿಗೆ ಪಕ್ಷೇತರ ನಿಂತೇನಿ, ಪ್ರಚಾರದ ಮಂದಿಗೆ ರೊಟ್ಟಿ ಬೇಕು, ಬರ್ತಿಯೇನ, ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ, ರೊಟ್ಟಿ ಕರಕಾಯಿತು, ಕರೆಪ್ಪ ನಕ್ಕ, ಅವಗ ಅಕ್ಕ ಬೇಕಾಗಿಲ್ಲ, ರೊಟ್ಟಿ ಬೇಕಾಗ್ಯಾವ, ಬಾಯಿ ಮುಚಗೊಂಡು ಹಿಟ್ಟಿನ ಚೀಲ ಹೊರು ಅಂದಳು, ಬಸ್ಸಿನ ತನಕ ಹೊತ್ತ. ನಂದಗಡದ ಆಚೆ ತವರೂರು, ಬಸ್ಸಿಳಿದಾಗ ಕಾಲಿಗೆ ಹತ್ತಿದ ಕೆಂಪು ಧೂಳು, ಹಿತ್ತಲಲ್ಲಿ ಹಲಸಿನ ಹಣ್ಣು ಬಿರಿದ ವಾಸನೆ, ಗೋಡೆಯಲ್ಲಿ ಅವ್ವ ದೀಪ ಇಡುತ್ತಿದ್ದ ಗೂಡು, ಗೂಡಿನ ಮೇಲ್ತುದಿಗೆ ಅದೇ ಮಸಿ, ಯಾರೂ ಸುಣ್ಣ ಹಚ್ಚಿರಲಿಲ್ಲ, ಯಾಕೋ ಅದನ್ನು ನೋಡಿಯೇ ಅರ್ಧ ಸಿಟ್ಟು ಇಳಿದಿತ್ತು. ಬೀರಪ್ಪನ ಗುಡಿಯ ಮುಂದೆ ಸಾತಪ್ಪ ಭಂಡಾರದ ಅರಿಶಿನ ಹಿಡಿದು ಆಣೆ ಮಾಡಿದ್ದನಂತೆ, ತಮ್ಮನ ಹೆಂಡತಿ ತ್ರಿವೇಣಿ ಮೊದಲ ದಿನವೇ ಹೇಳಿದಳು, ಸರಕಾರ ಹಾಕಿದ ಖರ್ಚಿನ ಮಿತಿ ದಾಟಂಗಿಲ್ಲ, ಸೀರಿ ಹಂಚಂಗಿಲ್ಲ, ಬಾಟ್ಲಿ ಹಂಚಂಗಿಲ್ಲ, ಒಂದ ಖಣ ಸೈತ ಯಾರ ಉಡಿಗೂ ಹಾಕಂಗಿಲ್ಲ ಅಂತ ಅಂದಾರ್ರಿ ಅಕ್ಕಾರ, ಕೇಳಿ ಎದೆ ಉಬ್ಬಿತ್ತು, ನನ್ನ ತಮ್ಮ, ಮೂಗು ಒರೆಸಿಕೊಳ್ಳಲು ಬರದವನು, ಅರಿಶಿನ ಹಿಡಿದು ಆಣೆ ಮಾಡುವಷ್ಟಾದನಲ್ಲ, ಆಣೆಯ ಕೊನೆಯ ಮಾತು ತನ್ನ ಸೆರಗಿಗೇ ಬಂದು ತಗಲುತ್ತದೆಂದು ಆಗ ಯಾರಿಗೆ ಹೊಳೆದೀತು. ಪ್ರಚಾರದ ಖರ್ಚಿನ ಲೆಕ್ಕ ಬರೆಯುವ ಗೌರೀಶ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ, ಕನ್ನಡಕ, ಕೈಯಲ್ಲಿ ಪುಸ್ತಕ, ಇವು ಎಷ್ಟ ರೊಟ್ಟಿ ಅದಾವ್ರಿ ಅಕ್ಕಾರ, ಹಸಿವಿ ಎಷ್ಟ ಐತ್ಯೋ ಅಷ್ಟ, ಹಂಗ ಬರಿಯಾಕ ಬರೂದಿಲ್ರಿ, ಬರಿಯಾಕ ಬರಲಿಕ್ಕರ ತಿನ್ನಾಕ ಬರತೈತೇನ, ತಿಂದ ಹೋಗು. ಅವನು ತಿಂದ, ತಿಂದು ಮತ್ತೆ ಪುಸ್ತಕ ತೆಗೆದ. ಊಟಕ್ಕ ಜಿಲ್ಲಾದಾಗ ದರ ಗೊತ್ತ ಮಾಡ್ಯಾರ್ರಿ, ಅಭ್ಯರ್ಥಿಗೆ ಪುಕ್ಕಟ ಕೊಟ್ಟರೂ ಅದು ದೇಣಿಗಿ, ದೇಣಿಗಿಗೂ ಬೆಲಿ ಕಟ್ಟಿ ಖರ್ಚಿನಾಗ ಹಿಡೀಬೇಕು, ನೀವು ಕೂಲಿ ತೊಗೊಳ್ಳಲಿಲ್ಲಂದ್ರ ನಿಮ್ಮ ದುಡಿಮಿನೂ ಎಲ್ಲೆ ಹಿಡೀತಾರೋ ಏನೋ, ಕೂಲಿ ಅಂತ ಬರದ್ರ ನಿರುಂಬಳ. ನನ್ನ ಕೈಗೆ ಬೆಲಿ ಕಟ್ಟಾವ ನೀ ಯಾವನೋ, ನನ್ನ ತಮ್ಮಗ ನಾ ರೊಟ್ಟಿ ಕೊಟ್ಟರ ದಿಲ್ಲಿಗೆ ಯಾಕ ಹೇಳಬೇಕೋ — ಇಡೀ ಅಂಗಳ ನಕ್ಕಿತ್ತು, ಸಾತಪ್ಪ ನಗಲಿಲ್ಲ, ಒಳಗೆ ಬಂದು ಮೆಲ್ಲಗೆ, ಬರಸ ಅಕ್ಕಾ, ಒಂದ ರೊಟ್ಟಿ ಮುಚ್ಚಿದ್ರೂ ನಾ ಹಿಡಿದ ಭಂಡಾರ ಸುಳ್ಳಾಗತೈತಿ ಅಂದ, ಅಕ್ಕಾ ಅಂದನಲ್ಲ, ಸಹಿ ಮಾಡಿಬಿಟ್ಟಳು, ಫಕೀರವ್ವ ಕರೆಪ್ಪ, ಅಡುಗೆಯವರು, ಸದಾಶಿವನಗರ, ಬೆಳಗಾವಿ, ಶಾಲೆಯ ನಾಲ್ಕನೇ ಇಯತ್ತೆಯಲ್ಲಿ ಕಲಿತ ಅಕ್ಷರ, ಸಾಲಿನ ಹೊರಗೆ ಬಾಲ ಹೊಡೆದುಕೊಂಡು ಹೋಗಿತ್ತು. ಆಮೇಲೆ ಒಂದು ಬೆಳಗ್ಗೆ, ಇನ್ನೂ ಯಾರೂ ಎದ್ದಿರಲಿಲ್ಲ, ಸಾತಪ್ಪ ಒಬ್ಬನೇ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ, ಹುಡುಗನಿದ್ದಾಗ ಕೂಡುತ್ತಿದ್ದ ಹಾಗೆಯೇ, ಹೊಟ್ಟೆ ಬಂದಿದೆ, ಮೀಸೆ ನೆರೆತಿದೆ, ಅಕ್ಕಾ, ಕರಕಾದದ್ದು ಕೊಡು ಅಂದ, ಸುಟ್ಟ ಅಂಚೇ ಅವನಿಗೆ ಮೊದಲಿಂದಲೂ ಬೇಕು, ಕೊಟ್ಟಳು, ಕರಕರ ಅಗಿದ, ಅವ್ವನ ಮಾತು ಇಬ್ಬರ ಬಾಯಲ್ಲೂ ಬಂದು ಅಲ್ಲೇ ನಿಂತಿತು, ಎದ್ದು ಹೋಗುವಾಗ, ಇದನ್ನೂ ಬರಸತೇನಿ ಅಂತ ನಕ್ಕ, ಹೋಗಲೇ, ಕರಕ ರೊಟ್ಟಿಗೆ ದರ ಇಲ್ಲ ಅಂದಳು — ಬರೆಸಿದನೋ ಬಿಟ್ಟನೋ, ಅದೊಂದನ್ನು ಬಿಟ್ಟಿರಲಿ ದೇವರೇ, ಅದೊಂದು ಪುಸ್ತಕದ ಹೊರಗೆ ಇರಲಿ.

ಮುದುಕಿ ಹೆಗಲಿಗೆ ತಲೆ ವಾಲಿಸಿ ನಿದ್ದೆ ಹೋಗಿದ್ದಾಳೆ, ವಾಲಲಿ, ಭಾರವೇನಿಲ್ಲ, ಹೊರಗೆ ಹೊಲಗಳ ಮೇಲೆ ಮುಂಗಾರಿನ ಮುಂಚಿನ ಮೋಡ, ಮಳೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇವತ್ತು ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದ ಮೇಲೆ ಗೌರೀಶನೇ ಬಂದು, ಅಕ್ಕಾರ, ಹೊತ್ತ ಮುಳಗೂದರಾಗ ನೀವು ಹೊಂಡಬೇಕಾಗತೈತಿ ಅಂದ. ಎಲ್ಲಿಗೋ, ವೋಟಿನ ದಿನ ಇಲ್ಲೇ ಇರಾಕಿ ನಾ, ತಮ್ಮ ಆರಿಸಿ ಬಂದದ್ದ ನೋಡೇ ಹೋಗಾಕಿ. ನಿಮ್ಮ ವೋಟು ಸದಾಶಿವನಗರದಾಗ ಐತ್ರಿ. ವೋಟು ಅಲ್ಲಿ ಇದ್ರ ಏನಾತೋ, ಹುಟ್ಟಿದ್ದು ಇಲ್ಲಿ. ಅವನು ಕನ್ನಡಕ ತೆಗೆದು ಒರೆಸಿದ, ಪಾಪ ಅವನಿಗೂ ಕಷ್ಟ, ಬರೇ ಅಕ್ಕ ಅಂತ ಮನ್ಯಾಗ ಇದ್ದಿದ್ರ ಇರಬಹುದಿತ್ತೇನೋ ಅಕ್ಕಾರ, ಪುಸ್ತಕದಾಗ ಪ್ರಚಾರಕ್ಕ ಹೊರಗಿಂದ ತಂದ ಅಡಿಗಿಯಾಕಿ ಅಂತ ಐತಿ, ಹೊರಗಿಂದ ತಂದ ಮಂದಿ ಪೂರಾ ಹೋಗಬೇಕು, ನೀವು ಉಳದ್ರ ನಾಳೆ ದೂರು ಬೀಳತೈತಿ. ಹಂಗಾದ್ರ ಅಳಸು. ಅಳಸಾಕ ಬರೂದಿಲ್ರಿ, ಖರ್ಚು ವೀಕ್ಷಕರು ನೋಡಿ ಸಹಿ ಮಾಡ್ಯಾರ. ಆಮೇಲೆ ದನಿ ತಗ್ಗಿಸಿ, ಹಾದ್ಯಾಗ ಯಾರರ ಕೇಳಿದ್ರ ಅಡಿಗಿಯಾಕಿ ಅಂತನ ಹೇಳ್ರಿ, ಒಡಹುಟ್ಟಿದ ಅಕ್ಕ ಅಂದ್ರ, ಅಕ್ಕಗ ಯಾರರ ಕೂಲಿ ಕೊಡತಾರೇನು, ಇವನ ಲೆಕ್ಕ ಪೂರಾ ಸುಳ್ಳು ಅಂತ ಎದುರಿನವರು ಎತ್ತಿ ಹಿಡೀತಾರ. ಅವಳು ಸಾತಪ್ಪನ ಕಡೆ ನೋಡಿದಳು. ಕಟ್ಟೆಯ ಮೇಲೆ ಕೂತಿದ್ದ. ಇರು ಅನ್ನು. ಒಂದು ಸಲ ಇರು ಅನ್ನು, ನಾನೇ ಹೋಗುತ್ತೇನೆ, ನೀನು ಅಂದರೆ ಸಾಕು, ನಾನು ಇರುವುದಿಲ್ಲ, ನಿನ್ನ ಆಣೆ ಮುರಿಯುವವಳು ನಾನಲ್ಲ, ಅನ್ನು ಮಾತ್ರ ಅನ್ನು. ಬಾಗಿಲಲ್ಲಿ ವಿಡಿಯೊದವನು ನಿಂತಿದ್ದ, ಎದುರಿನವರು ಯಾರೋ ಸಾತಪ್ಪ ಕುರಿ ಕಡಿಸಿ ಉಣಿಸುತ್ತಾನೆಂದು ದೂರು ಕೊಟ್ಟಾಗಿನಿಂದ ಸರಕಾರದ ಆ ಕ್ಯಾಮೆರಾ ಈ ಮನೆಯ ಬೆನ್ನು ಬಿಟ್ಟಿಲ್ಲ, ಕುರಿ ಹುಡುಕಿ ಹುಡುಕಿ ಅವನಿಗೆ ಸಿಕ್ಕಿದ್ದು ಬದನೆಕಾಯಿ ಪಲ್ಯ, ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡ. ಆಗಲೇ ತ್ರಿವೇಣಿ ಒಳಗಿಂದ ತಾಟು ಹಿಡಿದು ಬಂದದ್ದು, ತಾಟಿನಲ್ಲಿ ಅಕ್ಕಿ, ಜುಟ್ಟು ಬಿಟ್ಟ ತೆಂಗಿನಕಾಯಿ, ಎಲೆ ಅಡಿಕೆ, ಮಡಿಕೆ ಬಿಚ್ಚದ ಹಸಿರು ಖಣ, ಕೆಂಪು ಅಂಚಿನದು, ಅಕ್ಕಾರ ಸೆರಗ ಒಡ್ಡರಿ ಅಂದಳು, ಇವಳ ಕೈ ತಾನಾಗಿ ಸೆರಗಿಗೆ ಹೋಗಿತ್ತು, ಎರಡೂ ಕೈ, ಒಡ್ಡಿಯೇ ಬಿಟ್ಟಿದ್ದಳು, ಕ್ಯಾಮೆರಾದ ಕೆಂಪು ದೀಪ ಇತ್ತ ಹೊರಳಿತು, ಸಾತಪ್ಪ ಕಟ್ಟೆಯಿಂದ ಇಳಿದ, ತ್ರಿವೇಣಿ, ಇಡ ಅದನ್ನ, ಒಳಗ ಇಡು. ಅಕ್ಕಗ ರೀ. ಯಾರಿಗೂ ಇಲ್ಲ ಅಂದೇನಿ ನಾ, ಗುಡಿ ಮುಂದ ಅಂದೇನಿ, ಆ ಕ್ಯಾಮೆರಾ ಡಬ್ಬಿಗೆ ಅಕ್ಕ ಯಾರು ಊರವ್ರ ಯಾರು ತಿಳೀತೈತೇನ. ತ್ರಿವೇಣಿ ಗಂಡನ ಮುಖ ನೋಡಿದಳು, ಕ್ಯಾಮೆರಾ ನೋಡಿದಳು, ತಾಟನ್ನು ಗೋಡೆಯ ಗೂಡಿನಲ್ಲಿ ಇಟ್ಟು ಮೇಲೆ ಟವೆಲ್ಲು ಮುಚ್ಚಿದಳು, ಕಾಯಿಯ ಜುಟ್ಟು ಮಾತ್ರ ಹೊರಗೆ ಉಳಿಯಿತು. ಒಡ್ಡಿದ ಸೆರಗನ್ನು ಏನು ಮಾಡಬೇಕೋ ತಿಳಿಯದೆ ಫಕೀರವ್ವ ಅದರಿಂದಲೇ ಮುಖ ಒರೆಸಿಕೊಂಡಳು, ಶೆಕಿ ಭಾಳ ಐತಿ ಅಂದಳು. ಮತ್ತು ಅವನು, ಜನ್ಮದಲ್ಲಿ ಅವಳಿಗೆ ಒಂದು ರೀ ಅಂದವನಲ್ಲ, ಕ್ಯಾಮೆರಾ ಕೇಳಲೆಂದು ದೊಡ್ಡ ದನಿಯಲ್ಲಿ, ಹೋಗಿ ಬರ್ರಿ, ಅಡಿಗಿ ಚಲೋ ಮಾಡಿದ್ರಿ ಅಂದ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ, ಆದರೆ ಅವನ ಬೆರಳು, ಅದು ಅಂಗಿಯ ಗುಂಡಿಯನ್ನು ತಿರುವಿ ತಿರುವಿ ಹಿಡಿದದ್ದನ್ನು ಕ್ಯಾಮೆರಾ ನೋಡಿತೋ ಇಲ್ಲವೋ, ಇವಳು ನೋಡಿದಳು, ಹುಡುಗನಿದ್ದಾಗ ಕುರಿಮರಿ ಸತ್ತ ದಿನ ಹಾಗೇ ತಿರುವಿದ್ದ.

ಬಸ್ಸು ನಿಂತಿದೆ. ಚೆಕ್‌ಪೋಸ್ಟು, ಬಣ್ಣದ ಪೀಪಾಯಿಗಳು, ತಗಡಿನ ಚಪ್ಪರ, ಒಬ್ಬ ಪೊಲೀಸು, ಒಬ್ಬ ಅಧಿಕಾರಿ, ಇಲ್ಲಿಂದ ಆಚೆ ಬೇರೆ ಕ್ಷೇತ್ರವಂತೆ, ಇದೇ ಹಾದಿ, ಇದೇ ಮಣ್ಣು, ಇವರಿಗೆ ಮಾತ್ರ ಗೆರೆ ಕಾಣುತ್ತದೆ. ಅಧಿಕಾರಿ ಒಂದೊಂದೇ ಚೀಲ ಮುಟ್ಟುತ್ತ ಬಂದ, ವಯಸ್ಸಾದವನು, ದಣಿದಿದ್ದಾನೆ, ಅಂಗಿಯ ಬೆನ್ನು ಒದ್ದೆ, ಎಲ್ಲಿಂದ ಬಂದ್ರಿ ಅವ್ವಾರ, ಊರ ಹೆಸರು ಹೇಳಿದಳು, ಅವನು ತಲೆ ಎತ್ತಿದ, ಅದು ಕ್ಯಾಂಡಿಡೇಟ್ ಸಾತಪ್ಪನ ಊರಲ್ಲೇನ್ರಿ, ಅವರ ಮನಿಗೆ ಹೋಗಿದ್ರೇನು, ಚೀಲದಾಗ ಏನೈತಿ, ಅವರು ನಿಮಗ ಏನಾಗಬೇಕು. ನಾಲಿಗೆಯ ತುದಿಗೆ ಬಂದಿದೆ, ತಮ್ಮ ಅವನು, ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ದು ಬೆಳೆದವನು, ನನ್ನ ಕೈಯ ಕರಕ ರೊಟ್ಟಿ ತಿಂದವನು, ಒದರಬೇಕು, ಇಡೀ ಬಸ್ಸು ಎಚ್ಚರಾಗಬೇಕು, ಆ ಮುದುಕಿಯೂ, ಹಿಂದೆ ಬಿದ್ದ ಆ ಜೀಪೂ ಕೇಳಬೇಕು, ಅಕ್ಕ ನಾನು, ಅಕ್ಕ, ಎಂಥ ಹೊರಗಿನವಳೋ — ಭಂಡಾರ, ಅರಿಶಿನ ಮೆತ್ತಿದ ಅವನ ಅಂಗೈ, ಒಂದ ರೊಟ್ಟಿ ಮುಚ್ಚಿದ್ರೂ ಸುಳ್ಳಾಗತೈತಿ ಅಕ್ಕಾ. ಏನೂ ಆಗಬೇಕಿಲ್ರಿ, ಅಂದಳು, ಅಡಿಗಿ ಮಾಡಾಕ ಹೋಗಿದ್ದೆ, ಕೂಲಿ. ತನ್ನ ದನಿಯೇ ಅಲ್ಲ ಅದು, ಎಷ್ಟು ಮೆತ್ತಗಿತ್ತು, ಕರೆಪ್ಪ ಕೇಳಿದ್ದರೆ ನಂಬುತ್ತಿರಲಿಲ್ಲ. ಅಧಿಕಾರಿ ಚೀಲದಲ್ಲಿ ಕೈ ಹಾಕಿದ, ರೊಟ್ಟಿ ಕಟ್ಟಿದ್ದ ಬಿಳಿ ಅರಿವೆ ಹೊರಗೆ ಬಂತು, ಜಾಡಿಸಿದ, ರೊಟ್ಟಿಯ ಪುಡಿ ಅವನ ಬೂಟಿನ ಮೇಲೆ ಉದುರಿತು, ಏನಿಲ್ಲ ಇದರಾಗ, ಬಿಡ್ರಿ, ಹೋಗ್ರಿ, ಬಸ್ಸು ಹೊರಟಿದೆ, ಮುದುಕಿ ಮತ್ತೆ ವಾಲಿದ್ದಾಳೆ, ಈಗ ಆರಾಗಿರಬೇಕು, ಊರಲ್ಲಿ ಮೈಕು ನಿಂತಿರಬೇಕು, ತ್ರಿವೇಣಿ ದೀಪ ಹಚ್ಚಲು ಗೂಡಿನ ಹತ್ತಿರ ಬಂದಿರಬೇಕು, ದೀಪ ಎಲ್ಲಿ ಇಡುತ್ತಾಳೆ, ಜಾಗವಿಲ್ಲವಲ್ಲ, ತಾಟನ್ನು ತೆಗೆದಳೋ, ತೆಗೆಯಬೇಡ ತ್ರಿವೇಣಿ, ದೀಪ ಕೆಳಗಿಡು ಇವತ್ತೊಂದಿನ, ಮಡಿಲಲ್ಲಿ ಎರಡೂ ಕೈಗಳು ಸೆರಗಿನ ತುದಿ ಹಿಡಿದಿವೆ, ಯಾವಾಗ ಹಿಡಿದವೋ, ಸೆರಗು ಒಡ್ಡಿಕೊಂಡೇ ಕೂತಿದ್ದಾಳೆ, ಅದರಲ್ಲಿ ಉಗುರಿನಿಂದ ಉದುರಿದ ಚೂರು ಹಿಟ್ಟು, ಬೆಳಗಾವಿಯ ದೀಪಗಳು ಬಂದವು, ನೋಡುತ್ತಿಲ್ಲ, ಮಸಿ ಹಿಡಿದ ಗೂಡು, ಟವೆಲ್ಲು, ಟವೆಲ್ಲಿನ ಅಂಚಿನಲ್ಲಿ ಹೊರಗೆ ಉಳಿದ ಕಾಯಿಯ ಜುಟ್ಟು, ಗೂಡು, ಟವೆಲ್ಲು, ಜುಟ್ಟು —