ಮಗಳ ಹೆಸರಿನಲ್ಲಿ ಅಮ್ಮ ಬರೆದದ್ದು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯಾಚೆಯ ಔಷಧಿ ಅಂಗಡಿ ಮಾಯವಾಗಿ ಅದರ ಹಸಿರು ದೀಪವೊಂದೇ ಗಾಳಿಯಲ್ಲಿ ತೇಲುತ್ತಿತ್ತು. ಬಸ್ಸುಗಳು ಹಗಲಲ್ಲೇ ದೀಪ ಹೊತ್ತಿಸಿಕೊಂಡು ತೆವಳುತ್ತಿದ್ದವು. ಹೊಲಿಗೆ ಅಂಗಡಿಯ ಅಮ್ಮ ಒಂದು ಕೈಯಲ್ಲಿ ಊದಿಕೊಂಡ ದವಡೆ ಹಿಡಿದು, ಇನ್ನೊಂದು ಕೈಯಲ್ಲಿ ಮಗಳ ಚೀಲಕ್ಕೆ ಎರಡು ಪೆನ್ನು, ನೀರಿನ ಬಾಟಲಿ, ಗುರುತಿನ ಚೀಟಿ ತುಂಬಿದಳು. ಮಗಳಿಗೆ ಹತ್ತೊಂಬತ್ತು ವರ್ಷ. ಗಲ್ಲದ ಮೇಲೊಂದು ಮಚ್ಚೆ ಇರುವುದರಿಂದ ಮನೆಗೂ ಬೀದಿಗೂ ಅವಳು ಚುಕ್ಕಿ. ಅಂದು ಅವಳಿಗೆ ತೋಟಗಾರಿಕೆ ಡಿಪ್ಲೊಮಾದ ಮೊದಲ ದೊಡ್ಡ ಪರೀಕ್ಷೆ. ಅಂದೇ ಅಮ್ಮನಿಗೆ ಹಲ್ಲು ಕೀಳಿಸಿಕೊಳ್ಳುವ ಸರದಿ.

ದೇವರು ಎಲ್ಲರ ತಲೆಗೂ ಒಂದೇ ಬಾಗಿಲು ಇಟ್ಟಿಲ್ಲ. ಚುಕ್ಕಿಗೆ ಬಾಗಿಲು ಇದ್ದದ್ದು ಬೆರಳ ತುದಿಯಲ್ಲಿ. ಕಣ್ಣು ಮುಚ್ಚಿ ಎಲೆ ಸವರಿದರೆ ಯಾವ ಗಿಡವೆಂದು ಹೇಳುತ್ತಿದ್ದಳು. ಅವಳು ಕಸಿ ಕಟ್ಟಿದ ಹತ್ತು ಕೊಂಬೆಗಳಲ್ಲಿ ಒಂಬತ್ತು ಚಿಗುರುತ್ತಿದ್ದವು. ಆದರೆ ಅಕ್ಷರಗಳು ಮಾತ್ರ ಅವಳ ಕಣ್ಣೆದುರು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಬೇರೆಯವರು ಒಂದು ಪುಟ ಮುಗಿಸುವಷ್ಟರಲ್ಲಿ ಅವಳದ್ದು ನಾಲ್ಕು ಸಾಲು. ಗಾಬರಿಯಾದರೆ ಅದೂ ಇಲ್ಲ.

ಅದಕ್ಕೆ ಅಮ್ಮ ಒಂದು ಉಪಾಯ ಮಾಡಿದ್ದಳು. ಕಾಲೇಜಿನ ವೇಳಾಪಟ್ಟಿಯನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಒಂದೊಂದು ತರಗತಿ ಮುಗಿದಾಗಲೂ ಚುಕ್ಕಿ ಫೋನ್ ಮಾಡಿ, ಈಗ ಎಲ್ಲಿಗೆ ಹೋಗಲಿ ಎಂದು ಕೇಳುವಳು. ಅಮ್ಮ ಯಂತ್ರ ತುಳಿಯುವ ಕಾಲು ನಿಲ್ಲಿಸದೆಯೇ ಎರಡನೇ ಮಹಡಿ, ಬಲಕ್ಕೆ ಮೂರನೇ ಕೋಣೆ ಎಂದು ಹೇಳುವಳು. ರವಿಕೆ ಹೊಲಿಸಲು ಬಂದವರು, ಕಾಲೇಜಿಗೆ ಸೇರಿರೋದು ಮಗಳೋ ನೀವೋ ಎಂದು ತಮಾಷೆ ಮಾಡಿದರೆ ಅಮ್ಮನಿಗೆ ಒಳಗೊಳಗೇ ಹೆಮ್ಮೆ. ಕಾಲೇಜಿನ ದಾಖಲೆಯಲ್ಲಿ ಮಗಳ ನಂಬರ್ ಎಂದು ಬರೆಸಿದ್ದೂ ಅಮ್ಮನ ಫೋನ್ ನಂಬರೇ.

ಒಂಬತ್ತೂಕಾಲಕ್ಕೆ ಕಾಲೇಜಿನ ಹಳೆಯ ಕಟ್ಟಡದಲ್ಲಿ ಕರೆಂಟ್ ಕೈಕೊಟ್ಟಿತು. ಮಂಜು ಮುಚ್ಚಿದ ಆ ಕೋಣೆಗಳಲ್ಲಿ ಬರೆಯಲು ಬೆಳಕು ಸಾಲದು. ಪರೀಕ್ಷೆಯನ್ನು ಹಿಂದಿನ ಗ್ರಂಥಾಲಯದ ಕಟ್ಟಡಕ್ಕೆ ಬದಲಿಸಿ, ಎಲ್ಲರ ಫೋನಿಗೂ ಸಂದೇಶ ಕಳಿಸಿದರು. ಚುಕ್ಕಿಯ ಪಾಲಿನ ಸಂದೇಶ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಇಟ್ಟುಹೋಗಿದ್ದ ಅಮ್ಮನ ಕೈಚೀಲದೊಳಗೆ, ಸದ್ದು ಅಡಗಿಸಿದ್ದ ಫೋನಿಗೆ ಬಂದು ಕುಳಿತಿತು.

ಚುಕ್ಕಿಯ ಬಸ್ಸು ಬಂದಾಗ ಹತ್ತಕ್ಕೆ ಐದು ನಿಮಿಷ. ಹಳೆಯ ಕಟ್ಟಡದ ಬಾಗಿಲಿಗೆ ಬೀಗ. ಬೀಗದ ಮೇಲೊಂದು ಕೈಬರಹದ ಚೀಟಿ. ಅವಳು ಓದಲು ನೋಡಿದಳು. ಗಾಬರಿಗೆ ಅಕ್ಷರಗಳು ಚದುರಿಹೋದವು. ಅಮ್ಮನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಕಸ ಗುಡಿಸುವಾಕೆ ಹಾದುಹೋಗುವಾಗ, ಇಲ್ಲೇಕೆ ನಿಂತಿದ್ದೀ ಎಂದು ಕೇಳಿದಳು. ಅಮ್ಮ ಫೋನ್ ಮಾಡುತ್ತಾಳೆ, ಆಮೇಲೆ ಹೋಗುತ್ತೇನೆ ಎಂದಳು ಚುಕ್ಕಿ. ಹೀಗೆ ಎರಡು ಗಂಟೆ ಆ ಬೀಗದೆದುರು ನಿಂತಳು. ನೂರು ಹೆಜ್ಜೆ ಆಚೆ ಅವಳ ಗೆಳತಿಯರೆಲ್ಲ ಪರೀಕ್ಷೆ ಬರೆಯುತ್ತಿದ್ದರು.

ಅಮ್ಮ ಬಾಯಿತುಂಬ ಹತ್ತಿ ಇಟ್ಟುಕೊಂಡು ಹೊರಬಂದು ಫೋನ್ ನೋಡಿದಾಗ ಮಗಳಿಂದ ಹದಿನಾಲ್ಕು ಕರೆ. ಹದಿನೈದನೆಯದು ಕಾಲೇಜಿನ ಸಹಾಯ ಕೇಂದ್ರದ ಮೇಡಂ ಅವರದು. ಅಮ್ಮ ಅಲ್ಲಿಂದಲೇ ಕಾಲೇಜಿಗೆ ಓಡಿದಳು.

ಸಹಾಯ ಕೇಂದ್ರವೆಂದರೆ ಮೆಟ್ಟಿಲ ಕೆಳಗಿನ ಒಂದು ಚಿಕ್ಕ ಕೋಣೆ. ಒಂದು ಮೇಜು, ಮೂರು ಕುರ್ಚಿ, ಕಿಟಕಿಯಲ್ಲೊಂದು ಕುಂಡ. ಬೀಗದೆದುರು ನಿಂತಿದ್ದ ಚುಕ್ಕಿಯನ್ನು ಮೇಡಂ ಇಲ್ಲಿಗೆ ಕರೆತಂದಿದ್ದರು. ಚುಕ್ಕಿ ಅತ್ತಿರಲಿಲ್ಲ, ಅತ್ತಿದ್ದರೆ ಅಮ್ಮನಿಗೆ ಸಮಾಧಾನವಾಗುತ್ತಿತ್ತೇನೋ. ಎಂದಿನಂತೆ ಮಗಳ ಪರವಾಗಿ ಮಾತಾಡಲು ಅಮ್ಮ ಬಾಯಿ ತೆರೆದಳು. ಮರಗಟ್ಟಿದ ತುಟಿಯಿಂದ ಒಂದು ಪದವೂ ನೆಟ್ಟಗೆ ಹೊರಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಸುಮ್ಮನೆ ಕೂರಬೇಕಾಯಿತು.

ಮೇಡಂ ಕಂಪ್ಯೂಟರಿನ ಪರದೆಯನ್ನು ಚುಕ್ಕಿಯ ಕಡೆಗೆ ತಿರುಗಿಸಿದರು. ವರ್ಷವಿಡೀ ನೀನು ನಮಗೆ ಹನ್ನೊಂದು ಸಂದೇಶ ಕಳಿಸಿದ್ದೀಯ, ಎಲ್ಲವೂ ಅಚ್ಚುಕಟ್ಟು, ಹಾಗಿದ್ದೂ ಇವತ್ತು ಯಾರನ್ನೂ ಒಂದು ಮಾತು ಕೇಳಲಿಲ್ಲ ಏಕೆ ಎಂದು ವಿಚಾರಿಸಿದರು.

"ಯಾವ ಸಂದೇಶ ಮೇಡಂ?" ಎಂದಳು ಚುಕ್ಕಿ.

ಈಗ ಮೇಡಂ ದಂಗಾದರು. ಒಂದನ್ನು ತೆರೆದು ಮೆಲ್ಲಗೆ ಓದಿದರು: "ಮಾನ್ಯರೇ, ಚಿಕ್ಕಂದಿನ ಪರೀಕ್ಷಾ ವರದಿ ಹಳೆಯದು. ನನಗೆ ಕಲಿಕೆಯಲ್ಲಿ ಯಾವ ತೊಂದರೆಯೂ ಇಲ್ಲ. ಪರೀಕ್ಷೆಯಲ್ಲಿ ನೀವು ಕೊಡುವ ಒಂದು ಗಂಟೆ ಹೆಚ್ಚಿನ ಸಮಯ ನನಗೆ ಬೇಡ."

ಯಾವ ವರದಿ ಎಂದು ಚುಕ್ಕಿ ಕೇಳಿದಳು. ಮಗಳ ಹೆಸರಿನಲ್ಲಿ ಆ ಸಂದೇಶಗಳನ್ನೆಲ್ಲ ಬರೆದಿದ್ದ ಅಮ್ಮ ತಲೆಯೆತ್ತಲಿಲ್ಲ. ಮೇಡಂ ಹೇಳಬೇಕಾಯಿತು: ಎಂಟನೇ ವಯಸ್ಸಿನಲ್ಲಿ ಅವಳನ್ನು ತಜ್ಞರು ನೋಡಿದ್ದರು, ಅವಳಿಗಿರುವುದು ಡಿಸ್‌ಲೆಕ್ಸಿಯಾ, ಅದು ರೋಗವಲ್ಲ, ಓದನ್ನು ಮಿದುಳು ಹಿಡಿಯುವ ರೀತಿ ಬೇರೆ ಅಷ್ಟೇ, ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ. ಶಾಲೆಯಿಂದ ಬಂದ ಕಡತದಲ್ಲಿ ಆ ವರದಿ ಇದ್ದುದರಿಂದಲೇ ಕಾಲೇಜು ಹೆಚ್ಚಿನ ಸಮಯ ಕೊಡಲು ಮುಂದಾಗಿತ್ತು.

ಚುಕ್ಕಿ ಅಮ್ಮನ ಕಡೆ ತಿರುಗಿದಳು.

"ಹನ್ನೊಂದು ವರ್ಷದಿಂದ ನಾನು ದಡ್ಡಿ ಅಂತಲೇ ಅಂದ್ಕೊಂಡಿದ್ದೆ. ನಿಂಗೆ ಗೊತ್ತಿತ್ತಾ ಅಮ್ಮ, ಅಲ್ಲ ಅಂತ?"

ಅಮ್ಮನ ಕಣ್ಣಿಂದ ನೀರು ಇಳಿಯಿತು.

ಲಿಫ್ಟ್ ರಿಪೇರಿ ಕೆಲಸದ ಅಪ್ಪ ಸಂಜೆ ಮನೆಗೆ ಬಂದು ಸುದ್ದಿ ಕೇಳಿದ. ಅವನಿಗೂ ವರದಿಯ ವಿಷಯ ಗೊತ್ತಿತ್ತು. ಜನ ಆಡಿಕೊಳ್ಳುತ್ತಾರೆಂದು ಗಂಡ ಹೆಂಡತಿ ಸೇರಿಯೇ ಮುಚ್ಚಿಟ್ಟಿದ್ದರು. ಕಾಲೇಜಿನ ನಿಯಮದಂತೆ ಕಾರಣವಿಲ್ಲದೆ ಪರೀಕ್ಷೆ ತಪ್ಪಿಸಿದರೆ ವರ್ಷವೇ ಹೋದಂತೆ. ಏಳು ದಿನದೊಳಗೆ ವಿದ್ಯಾರ್ಥಿಯೇ ಪ್ರಾಂಶುಪಾಲರ ಎದುರು ನಿಂತು ಕಾರಣ ಹೇಳಿದರೆ ಮಾತ್ರ ಮರುಪರೀಕ್ಷೆ. ಅಪ್ಪ ಮೊದಲು ಆಡಿದ್ದು ಹತಾಶೆಯ ಮಾತೇ: ಸಾಕು, ಗಿಡ ನೆಡೋಕೆ ಡಿಪ್ಲೊಮಾ ಯಾಕೆ, ಅಂಗಡಿಯಲ್ಲಿ ಕೂತು ಗುಂಡಿ ಹೊಲಿಯಲಿ.

ಮರುದಿನ ಮೇಡಂ ಹೊಲಿಗೆ ಅಂಗಡಿಗೇ ಬಂದರು. ಬಟ್ಟೆಯ ರಾಶಿ ಸರಿಸಿ ಸ್ಟೂಲಿನ ಮೇಲೆ ಕುಳಿತರು. ಅಮ್ಮನಿಗೆ ಅಷ್ಟರಲ್ಲಿ ಮಾತು ಮರಳಿತ್ತು, ಮಾತಿನ ಜೊತೆ ಹಟವೂ.

"ನಾನು ಕೈ ಬಿಟ್ಟರೆ ಏನಾಗುತ್ತೆ ಅಂತ ನಿನ್ನೆ ನೋಡಿದ್ರಲ್ಲ ಮೇಡಂ. ಒಂದೇ ಒಂದು ದಿನ ಫೋನ್ ಎತ್ತಲಿಲ್ಲ, ವರ್ಷ ಮುಳುಗಿತು."

"ನೀವು ಕೈ ಬಿಟ್ಟಿದ್ದಕ್ಕಲ್ಲ ಅಮ್ಮ," ಎಂದರು ಮೇಡಂ. "ಒಂದು ದಿನವೂ ಬಿಡದೆ ಇದ್ದಿದ್ದಕ್ಕೆ."

ಅಮ್ಮನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಮೇಡಂ ಅದೇ ತಗ್ಗಿದ ದನಿಯಲ್ಲಿ ಮುಂದುವರಿಸಿದರು. ಶಾಲೆಯಲ್ಲಿ ಮೇಷ್ಟ್ರು ಹುಡುಕಿಕೊಂಡು ಬಂದು ಸಹಾಯ ಮಾಡುತ್ತಾರೆ. ಕಾಲೇಜಿನಲ್ಲಿ ಬೇಕಾದವರೇ ಹೋಗಿ ಕೇಳಬೇಕು. ಕೇಳಬೇಕಾದರೆ ತನಗೇನು ತೊಂದರೆ, ಏನು ಕೊಟ್ಟರೆ ಅನುಕೂಲ ಎಂಬುದು ಅವಳಿಗೇ ತಿಳಿದಿರಬೇಕು. ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಅವಳ ಫೋನಿನಲ್ಲೇ ಇದೆ. ಅನುಮತಿ ಕೇಳಿದರೆ ಪಾಠ ಧ್ವನಿಮುದ್ರಣ ಮಾಡಿಕೊಳ್ಳಬಹುದು. ಹೊಸ ಕೋಣೆಗೆ ಹಿಂದಿನ ದಿನವೇ ಒಮ್ಮೆ ನಡೆದು ಬರಬಹುದು. ಇವೆಲ್ಲ ಅವಳಿಗೆ ಆಗದ ಕೆಲಸಗಳಲ್ಲ, ಅವಳಿಗೆ ಯಾರೂ ಮಾಡಲು ಬಿಡದ ಕೆಲಸಗಳು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪ ತಲೆ ಕೆರೆದುಕೊಂಡ. ಲಿಫ್ಟಿನ ಕೆಲಸಕ್ಕೆ ಹೊಸಬರು ಬಂದಾಗ ತಾನು ಏನು ಮಾಡುತ್ತೇನೆಂದು ಅವನಿಗೆ ಆಗ ನೆನಪಾಯಿತು.

"ಮೊದಲ ಸಲ ನಾನು ಬಿಚ್ತೀನಿ, ಅವನು ನೋಡ್ತಾನೆ. ಎರಡನೇ ಸಲ ಅವನು ಬಿಚ್ತಾನೆ, ನಾನು ಪಕ್ಕದಲ್ಲಿ. ಮೂರನೇ ಸಲ ನಾನು ಒಂದು ಮಹಡಿ ಕೆಳಗೆ ನಿಂತಿರ್ತೀನಿ, ಕೂಗಿದರೆ ಮಾತ್ರ ಹತ್ತೋದು. ನಾಲ್ಕನೇ ಸಲಕ್ಕೆ ನಾನು ಇನ್ನೊಂದು ಕಟ್ಟಡದಲ್ಲಿ. ನಾವು ಇವಳಿಗೆ ಮೊದಲನೇ ಸಲವೇ ಮುಗಿಸಿಲ್ಲ ಕಣೇ."

ಅಲ್ಲಿಂದ ಆರು ದಿನ ಮನೆಯಲ್ಲಿ ಬೇರೆಯೇ ಪಾಠ. ಚುಕ್ಕಿ ವೇಳಾಪಟ್ಟಿಯನ್ನು ಅಂಗಡಿಯ ಗೋಡೆಯಿಂದ ಕಿತ್ತು, ಒಂದೊಂದು ಕಟ್ಟಡಕ್ಕೆ ಒಂದೊಂದು ಬಣ್ಣ ಹಚ್ಚಿ, ತನ್ನ ಪುಸ್ತಕದೊಳಗೆ ಅಂಟಿಸಿಕೊಂಡಳು. ಕಾಲೇಜಿನ ಕಚೇರಿಗೆ ಹೋಗಿ ತನ್ನ ಸ್ವಂತ ನಂಬರ್ ಬರೆಸಿದಳು. ಪ್ರಾಂಶುಪಾಲರಿಗೆ ಏನು ಹೇಳಬೇಕೆಂದು ಅಪ್ಪನನ್ನೇ ಪ್ರಾಂಶುಪಾಲ ಮಾಡಿ ಕೂರಿಸಿ ಅಭ್ಯಾಸ ಮಾಡಿದಳು. ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅತಿಯಾಗಿ ಗದರಿಸಿದಾಗ, ನಿಮಗಿಂತ ಪ್ರಾಂಶುಪಾಲರೇ ವಾಸಿ ಇರಬೇಕು ಎಂದಳು. ಆ ಮಂಜಿನ ದಿನದ ನಂತರ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಏಳನೇ ದಿನ ಅವಳೊಬ್ಬಳೇ ಒಳಗೆ ಹೋದಳು. ಅಪ್ಪ ಅಮ್ಮ ಹೊರಗೆ ಬೆಂಚಿನ ಮೇಲೆ. ಬಾಗಿಲ ಸಂದಿಯಿಂದ ಮಗಳ ದನಿ ಕೇಳಿಬಂತು, ಅರ್ಧಕ್ಕೆ ನಿಂತಿತು. ಅಮ್ಮ ಧಡಕ್ಕನೆ ಎದ್ದಳು. ಕೂತ್ಕೋ ಎಂದು ಅಪ್ಪ ಕೈ ಹಿಡಿದ. ದೇವರೇ ಎಂದು ಅಮ್ಮ ಕುಳಿತಳು. ಮಗಳಿಗಾಗಿ ಅವಳು ಜೀವನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಆ ಕುಳಿತದ್ದು. ಒಳಗೆ ದನಿ ಮತ್ತೆ ಶುರುವಾಯಿತು. "ಸರ್, ನನಗೆ ಡಿಸ್‌ಲೆಕ್ಸಿಯಾ ಇದೆ. ಗಾಬರಿಯಾದಾಗ ಚೀಟಿ ಓದೋಕೆ ಆಗಲಿಲ್ಲ. ಯಾರನ್ನೂ ಕೇಳದೆ ಇದ್ದದ್ದು ನನ್ನ ತಪ್ಪು. ಇನ್ನು ಮೇಲೆ ಕೇಳ್ತೀನಿ. ನನಗೆ ಹೆಚ್ಚಿನ ಸಮಯವೂ ಬೇಕು."

ಮರುಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಹೊರಬಂದ ಚುಕ್ಕಿಗೆ ದಿನಾಂಕ ಕೇಳಲು ಮರೆತದ್ದು ನೆನಪಾಗಿ, ಅಮ್ಮ ಬಾಯಿ ತೆರೆಯುವ ಮೊದಲೇ ತಾನೇ ತಿರುಗಿ ಒಳಗೆ ಹೋದಳು.

ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಇಂಥ ಮಗಳೋ ಮಗನೋ ಇದ್ದರೆ ಅವರ ತೊಂದರೆಯ ಹೆಸರನ್ನು ಅವರಿಂದ ಮುಚ್ಚಿಡಬೇಡಿ. ಹೆಸರು ತಿಳಿಯದವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಕಾಲೇಜಿಗೆ ಸೇರಿಸುವಾಗಲೇ ಅಲ್ಲಿ ಏನು ಸಹಾಯವಿದೆ ಎಂದು ವಿಚಾರಿಸಿ. ವಿಚಾರಿಸುವಾಗ ಅವರೇ ಮಾತಾಡಲಿ, ನೀವು ಪಕ್ಕದಲ್ಲಿರಿ. ಇವತ್ತು ಅವರ ಒಂದು ಕೆಲಸವನ್ನು ಅವರ ಕೈಗೇ ಬಿಡಿ. ತಡವರಿಸುತ್ತಾರೆ, ತಡವರಿಸಲಿ. ಒಂದು ಮಹಡಿ ಕೆಳಗೆ ನಿಂತಿರಿ. ದೇವರು ನಮಗೂ ಹಾಗೆಯೇ ತಾನೇ ನಡೆಯಲು ಕಲಿಸಿದ್ದು.

ಮರುಪರೀಕ್ಷೆಯ ದಿನ ಅಮ್ಮ ಅಂಗಡಿಯಲ್ಲಿ ಹೊಲಿಯುತ್ತಿದ್ದಳು, ಫೋನ್ ಬರಲಿಲ್ಲ. ಅತ್ತ ಪರೀಕ್ಷೆಯ ಮೂರು ಗಂಟೆ ಅವಧಿ ಮುಗಿಯುತ್ತಲೇ ಕೋಣೆಯಲ್ಲಿದ್ದ ಮೇಲ್ವಿಚಾರಕರು ಎಂದಿನ ರೂಢಿಯಂತೆ ಸಾಲು ಸಾಲಾಗಿ ಉತ್ತರಪತ್ರಿಕೆ ಎತ್ತಿಕೊಳ್ಳುತ್ತ ಬಂದರು. ಚುಕ್ಕಿಯದನ್ನೂ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಹೋದರು. ಚುಕ್ಕಿ ಎದ್ದು ನಿಂತಳು.

"ಸರ್, ನನಗೆ ಇನ್ನೂ ಒಂದು ಗಂಟೆ ಇದೆ. ನಿಮ್ಮ ಪಟ್ಟಿಯಲ್ಲಿ ನೋಡಿ."

ಅವರು ಪಟ್ಟಿ ತಿರುವಿ, ಬೆರಳಿಟ್ಟು ಹುಡುಕಿದರು. ಕಂತೆಯಿಂದ ಅವಳ ಉತ್ತರಪತ್ರಿಕೆಯನ್ನು ಮೆಲ್ಲಗೆ ಎಳೆದು, ಮರಳಿ ಅವಳ ಕೈಗಿತ್ತರು.