ದುಂದಿನ ಪಾಠ

"ಗೋಬಿ ತಿನ್ನೋಕೆ ದುಡ್ಡಿರುತ್ತೆ, ಪಾನಿಪುರಿಗೆ ದುಡ್ಡಿರುತ್ತೆ. ಗಂಡ ಬಿದ್ದ, ಮಗೀಗೆ ಜ್ವರ ಬಂತು ಅಂದ್ರೆ ಮಾತ್ರ ನನ್ ಬಾಗ್ಲಲ್ಲಿ ಬಂದು ಹಲ್ಲು ಗಿಂಜ್ತೀರಾ. ನಾಚ್ಕೆ ಆಗಲ್ವೇನ್ರೇ?"

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಗಾರ್ಮೆಂಟ್ಸಿನಲ್ಲಿ ಮ್ಯಾನೇಜರ್ ವಿಶ್ವಾರಾಧ್ಯ ಉಳಿತಾಯದ ಪಾಠ ಶುರುಮಾಡಿದ್ದು ಹೀಗೆ. ಊಟಕ್ಕೆ ಇದ್ದದ್ದು ಅರ್ಧ ಗಂಟೆ. ಪಾಠವೂ ಅದೇ ಅರ್ಧ ಗಂಟೆಯಲ್ಲಿ. ಕೆಲಸದ ಹೊತ್ತನ್ನು ಪಾಠಕ್ಕೆ ಸುರಿಯುವಷ್ಟು ದುಂದುಗಾರ ಅವನಲ್ಲ.

ಒಬ್ಬೊಬ್ಬರೇ ಎದ್ದು ತಾವು ಮಾಡುವ ಒಂದು ದುಂದನ್ನು ಎಲ್ಲರಿಗೂ ಕೇಳುವಂತೆ ಒಪ್ಪಿಕೊಳ್ಳಬೇಕು. ಇದು ಅವನೇ ಕಂಡುಹಿಡಿದ ಪದ್ಧತಿ. ಮಾಲಾ "ಲಿಪ್‌ಸ್ಟಿಕ್ ಸಾರ್" ಎಂದಳು. ಚಪ್ಪಾಳೆ ಹೊಡೆಸಿದ. ಗಂಗಲಕ್ಷ್ಮಮ್ಮ ಎದ್ದು, "ಎಲಡಿಕೆ ಸಾರ್. ಬುಟ್ಬುಟ್ರೆ ಹಲ್ಲುನೋವು ಬತ್ತದೆ" ಎಂದಳು.

"ಹಲ್ಲೇ ಕೀಳ್ಸಮ್ಮ, ನೋವೂ ಹೋಗುತ್ತೆ, ಎಲಡಿಕೆ ದುಡ್ಡೂ ಉಳಿಯುತ್ತೆ" ಎಂದು ತನ್ನ ಜೋಕಿಗೆ ತಾನೇ ನಕ್ಕ.

ಕಾಲರ್ ಹೊಲಿಯುವ ಹಾಲವ್ವನಿಗೆ ನಗು ಬರಲಿಲ್ಲ. ಕೊಪ್ಪಳದ ಕಡೆಯವಳು. ಸೆಂಟ್ರಿಂಗ್ ಕೆಲಸದ ಗಂಡ ಭರಮಪ್ಪ ನಿನ್ನೆ ಎರಡನೇ ಮಹಡಿಯಿಂದ ಬಿದ್ದು, ತೊಡೆ ಮುರಿದುಕೊಂಡು ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿದ್ದ. ಸಂಜೆಯೊಳಗೆ ಮುಂಗಡ ಆರು ಸಾವಿರ ಕಟ್ಟದಿದ್ದರೆ ರಾಡ್ ಹಾಕುವುದಿಲ್ಲ ಎಂದಿದ್ದರು. ಬೆಳಿಗ್ಗೆ ಅವಳು ಕೈಮುಗಿದು ಕೇಳಿದ್ದು ಸಾಲವನ್ನಲ್ಲ. ಹೆಚ್ಚು ಹೊತ್ತು ದುಡಿದದ್ದಕ್ಕೆ ಬರಬೇಕಾದ, ಎರಡು ತಿಂಗಳಿನಿಂದ ಕೊಡದೆ ಇಟ್ಟುಕೊಂಡ ತನ್ನದೇ ಓಟಿ ದುಡ್ಡನ್ನು. "ಪಾಠದಲ್ಲಿ ನೆಟ್ಟಗೆ ತಪ್ಪು ಒಪ್ಕೋ, ಆಮೇಲೆ ಸೈನ್ ಹಾಕ್ತೀನಿ" ಎಂದಿದ್ದ ಪುಣ್ಯಾತ್ಮ.

"ಏಳೇ ಹಾಲವ್ವ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋ ಪೈಕಿ ನೀನು. ನಿನ್ ದುಂದು ಯಾವ್ದು, ಹೇಳು."

ಗೋಬಿ ಎಂದು ಹೇಳಿ ಮುಗಿಸಬೇಕೆಂದೇ ಅವಳು ಎದ್ದಳು. ಗೋಬಿ ತಿಂದು ವರ್ಷವಾಗಿತ್ತು, ಆದರೂ ಸುಳ್ಳಿಗೆ ಸಿದ್ಧಳಾಗಿದ್ದಳು. ಅವನ ಮುಖದಿಂದ ಇನ್ನೂ ಇಳಿಯದ ನಗು ಕಂಡದ್ದೇ ಮೈಯೆಲ್ಲ ಉರಿದುಹೋಯಿತು.

"ನಂದು ಭಾಳ ದೊಡ್ಡ ದುಂದು ಐತ್ರಿ ಸಾರ್. ಎರಡ್ ತಿಂಗಳು, ದಿನಾ ಎರಡೆರಡು ತಾಸು, ನಿಮಗ ಪುಕ್ಕಟೆ ಹೊಲದು ಕೊಟ್ಟೀನಿ. ಇಂಥಾ ಖರ್ಚು ನಮ್ಮಪ್ಪನ ವಂಶದಾಗ ಯಾರೂ ಮಾಡಿಲ್ರಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲು ನಕ್ಕಿತು.

"ಬಾಯ್ಮುಚ್ಚೇ ಲೌಡಿ! ನಿನ್ ದುಡ್ಡು ಬಂದಂಗೇ ಇನ್ನು!"

ಊಟದ ಹೊತ್ತು ಮುಗಿದ ಬೆಲ್ ಹೊಡೆಯಿತು. ಯಾರೂ ಇನ್ನೂ ಡಬ್ಬಿ ಬಿಚ್ಚಿರಲಿಲ್ಲ. ಗೇಟಿನಲ್ಲಿ ಲಾರಿ ಕಾಯುತ್ತಿತ್ತು. ಬಿಳಿ ಅಂಗಿಗಳ ಲೋಡು ಇವತ್ತೇ ಹೋಗಬೇಕು. ಹಾಲವ್ವ ಮಿಷನ್ನಿನ ಸ್ವಿಚ್ ಹಾಕಲಿಲ್ಲ. ಚೀಲದಿಂದ ಡಬ್ಬಿ ತೆಗೆದು ತನ್ನ ಮುಂದಿದ್ದ ಅಂಗಿಗಳ ರಾಶಿಯ ಪಕ್ಕದಲ್ಲೇ ಇಟ್ಟು ಬಿಚ್ಚಿದಳು. ರೊಟ್ಟಿ, ಎಣ್ಣೆ ಹಾಕಿ ಕಲಸಿದ ಕೆಂಪು ಖಾರ. ಮಾಲಾ ಅವಳ ಮುಖ ನೋಡಿದಳು, ತನ್ನ ಡಬ್ಬಿಯನ್ನೂ ಬಿಚ್ಚಿದಳು. ಗಂಗಲಕ್ಷ್ಮಮ್ಮನೂ ಬಿಚ್ಚಿದಳು. ಒಂದು ಮಿಷನ್ನೂ ಸದ್ದು ಮಾಡಲಿಲ್ಲ.

ವಿಶ್ವಾರಾಧ್ಯ ಓಡಿ ಬಂದ. "ಏಯ್, ಕಲೆ ಆಗುತ್ತೆ! ಪೀಸ್ ರಿಜೆಕ್ಟ್ ಆದ್ರೆ ಲಕ್ಷಗಟ್ಲೆ ಲಾಸ್ ಕಣೇ! ಯಾರು ಕಟ್ಕೊಡ್ತಾರೆ? ಕೈ ತೆಗಿ!"

ಹಾಲವ್ವ ಖಾರ ಮೆತ್ತಿದ ಐದೂ ಬೆರಳನ್ನು ಬಿಳಿ ಅಂಗಿಗಳ ರಾಶಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದಳು. ಬೆರಳ ತುದಿಗೆ ಎಣ್ಣೆ ಇಳಿದು ಬರುತ್ತಿತ್ತು.

"ಓಟಿ ರೊಕ್ಕ ತರ್ರಿ ಸಾರ್. ಕೈ ತೊಳಕೋತೀನಿ."